ಮಾವನ ನಡುಮನೆ ಸಂಗೀತ

ನಮ್ಮ ಅಜ್ಜಂಪುರದ ಸೋದರಮಾವನ ಎದುರು ನೀವು ಅಪ್ಪಿತಪ್ಪಿಯೂ ‘ಶಿವನೇ’ ಎಂದು ನಿಟ್ಟುಸಿರು ಬಿಡಬಾರದು. ಬಿಟ್ಟಿರೋ, ಜೇಬಿನಿಂದ ನೋಟ್‌ಬುಕ್ ತೆಗೆದು ಇನ್ನೊಂದು ಸಲ ಅನ್ನಿ ಎಂದು ದುಂಬಾಲು ಬೀಳುತ್ತಾರೆ! ಸಂಗೀತದ ಮೇಷ್ಟರಾಗಿ ನಿವೃತ್ತರಾದ ಮೇಲೆ ಹತ್ತಿದ ಹುಚ್ಚು ಇದು. ಜನ ದೇವರನ್ನು ಕರೆಯುವ ದನಿಗಳನ್ನೆಲ್ಲ ಸ್ವರಕ್ಕಿಳಿಸಿ, ಪಿಟೀಲು, ಕೊಳಲು, ಹಾರ್ಮೋನಿಯಂ, ತಬಲ ಇಷ್ಟರಲ್ಲೇ ಒಂದು ಕೃತಿ ಕಟ್ಟಬೇಕು. ವೇದಿಕೆ, ಮೈಕು ಯಾವುದೂ ಬೇಡ. ನಡುಮನೆಯಲ್ಲಿ ಚಾಪೆ ಹಾಸಿ ಹತ್ತು ಜನ ಕೇಳಿದರೆ ಸಾಕು.

ಕಡೂರು ಬಸ್ ಸ್ಟ್ಯಾಂಡಿನ ‘ಶಿವನೇ’ ಷಡ್ಜದಿಂದ ಪಂಚಮಕ್ಕೆ ಏರುತ್ತದಂತೆ, ಸೀಟು ಸಿಗದವರದ್ದು. ತರೀಕೆರೆಯ ಹೋಟೆಲಿನದು ಮೆಲ್ಲಗೆ ಇಳಿಯುತ್ತದಂತೆ, ಉಂಡವರದ್ದು! ಪಂಚನಹಳ್ಳಿಯಲ್ಲಿ ಬೋರ್‌ವೆಲ್ ಕೊರೆಸುತ್ತಿದ್ದವರು ನೀರು ಬೀಳದೆ ಶಿವನನ್ನು ಕರೆದರೆ, ಪಕ್ಕದಲ್ಲಿ ನಿಂತು ಆಹಾ ಎಂಥಾ ನಿಷಾದ ಎಂದುಬಿಟ್ಟರು. ಅಲ್ಲಿಂದ ಅವರನ್ನು ಬೈಕಿಗೆ ಹತ್ತಿಸಿಕೊಂಡು ಪಾರು ಮಾಡಿದವನು ನಾನೇ.

ಎಡವಟ್ಟಾಗಿದ್ದು ಮನೆಯಲ್ಲಿ. ಅತ್ತೆ ದಿನಾ ಬೆಳಿಗ್ಗೆ ದೇವರ ಕೋಣೆಯ ಕದ ಹಾಕಿಕೊಂಡು, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜಿಸುವಾಗ ಏನನ್ನೋ ಗುನುಗುತ್ತಾರೆ. ಮಾವ ಕದಕ್ಕೆ ಕಿವಿ ಹಚ್ಚಿದರು. ಮಾತು ತಿಳಿಯದಿದ್ದರೂ ಧಾಟಿ ಬರೆದುಕೊಂಡು ಪಿಟೀಲಿಗೆ ಕೂರಿಸಿದರು. ಅಭ್ಯಾಸ ಮಾಡುವಾಗ ಅದು ಅತ್ತೆಯ ಕಿವಿಗೆ ಬಿತ್ತು.

“ಲಿಂಗಕ್ಕೆ ಹೇಳ್ಕೊಂಡಿದ್ದು ಊರಿಗೆಲ್ಲ ಹಂಚೋದಾ?”

ಮರುದಿನದಿಂದ ಅತ್ತೆ ತುಟಿ ಬಿಚ್ಚದೆ ಪೂಜೆ ಮಾಡತೊಡಗಿದರು. ಮಾವನ ಜೊತೆಗೂ ಮಾತಿಲ್ಲ. ಕಾಫಿ ಲೋಟವನ್ನು ಮಾತ್ರ ದಿನಾ ಒಂದೇ ತಾಳದಲ್ಲಿ ಕುಕ್ಕುತ್ತಿದ್ದರು. ಅದನ್ನು ಬರೆದುಕೊಳ್ಳುವ ಧೈರ್ಯ ಮಾವನಿಗೆಲ್ಲಿ? ಹದಿನೈದೇ ದಿನಕ್ಕೆ ಮನುಷ್ಯ ಸೊರಗಿಹೋದರು.

ಕೃತಿ ನುಡಿಸಿದ ಸಂಜೆ ನಾನೂ ಹೋಗಿದ್ದೆ. ಅರ್ಧಕ್ಕೆ ಬಂದಾಗ ಮಾವ ಪಿಟೀಲನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂತುಬಿಟ್ಟರು. ಮಿಕ್ಕ ಮೂವರು ನುಡಿಸುತ್ತಲೇ ಇದ್ದರು. ಮರೆತೇಬಿಟ್ಟರೇನೋ ಎಂದು ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಜನ ಹೋದ ಮೇಲೆ ಅತ್ತೆ ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

“ನಂದೆಲ್ಲಿ ಹೋಯ್ತು?”

“ಹರಿದಾಕ್ದೆ ಕಣೇ. ಅದು ನಿಂದು.”

ಆ ರಾತ್ರಿ ನಾನು ಅಲ್ಲೇ ಉಳಿದೆ. ಬೆಳಿಗ್ಗೆ ನೋಡಿದರೆ ದೇವರ ಕೋಣೆಯ ಕದ ಪೂರಾ ತೆರೆದಿತ್ತು! ಮಾವನಿಗೂ ನನಗೂ ಕೇಳುವ ಹಾಗೆ ಅತ್ತೆ ಗುನುಗುತ್ತಿದ್ದರು:

“ಇವ್ರನ್ನ ಮೊದ್ಲು ಕರ್ಕೊ ಶಿವನೇ, ಹಿಂದೇನೇ ನಾನು ಬತ್ತೀನಿ. ಒಬ್ರೇ ಇರಾಕೆ ಬರಲ್ಲ ಇವ್ರಿಗೆ.”

ಎಲ್ಲ ಹೆಂಗಸರೂ ಮುತ್ತೈದೆಯರಾಗಿಯೇ ಹೋಗಬೇಕೆಂದು ಬೇಡುವ ಊರಿನಲ್ಲಿ, ನಮ್ಮತ್ತೆ ಇಷ್ಟು ವರ್ಷ ಗುಟ್ಟಾಗಿ ಬೇಡಿಕೊಂಡಿದ್ದು ಇದನ್ನು. ಮಾವ ಹೊಸ್ತಿಲ ಈಚೆ ಕೂತು, ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡು, ಲಿಂಗದ ಕಡೆ ನೋಡಿ ಮೆಲ್ಲಗೆ ಹೇಳಿದರು:

“ಹೂಂ ಕಣಪ್ಪಾ, ಅವ್ಳು ಹೇಳ್ದಂಗೇ ಮಾಡು.”