ಕಾಕಾ ಸೈಕಲ್ ಹತ್ತಿದ

ನಮ್ಮ ಕಾಕಾನಿಗೆ ತಲೆ ಕೆಟ್ಟಿದೆ ಎಂದು ಬನಹಟ್ಟಿಯಲ್ಲಿ ಮೊಟ್ಟಮೊದಲು ಡಂಗುರ ಸಾರಿದವನು ನಾನೇ. ಆ ಕೀರ್ತಿಯನ್ನು ಬೇರೆ ಯಾರಿಗೂ ಬಿಟ್ಟುಕೊಡಲಾರೆ! ನೀವೇ ಹೇಳಿ. ಐವತ್ತನಾಲ್ಕು ವರ್ಷದ ಮನುಷ್ಯ, ಜಮಖಂಡಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಇಪ್ಪತ್ತು ವರ್ಷ ಮೋಟಾರ್‌ಸೈಕಲ್ ಮೇಲೆ ಗಾಳಿಯ ಹಾಗೆ ಓಡಾಡಿದವನು, ಒಂದು ಸೋಮವಾರ ಅದನ್ನು ಮಾರಿ, ಡಬ್ಬಿಯ ಚೀಲ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಸೈಕಲ್ ತುಳಿಯುತ್ತ ನೌಕರಿಗೆ ಹೊರಟರೆ ಏನನ್ನಬೇಕು? ಹೋಗಲಿ, ಜಮಖಂಡಿ ಏನು ಪಕ್ಕದ ಓಣಿಯೇ? ಮುಂಜಾನೆ ಏಳೂವರೆಗೆ ಹೊರಟರೆ ಆಫೀಸು ತೆರೆಯುವ ಹೊತ್ತಿಗೆ, ದೈವ ಚೆನ್ನಾಗಿದ್ದರೆ, ಮುಟ್ಟಬಹುದು.

ಚಹದಂಗಡಿಯಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಪು. ಸಕ್ಕರೆ ಕಾಯಿಲೆ ಅಂದರು ಕೆಲವರು. ಜಿಪುಣತನ ಅಂದರು ಉಳಿದವರು. ದಾರಿಯಲ್ಲಿ ಪರಿಚಯದವರು ಗಾಡಿ ನಿಧಾನ ಮಾಡಿ, "ಯಾಕ್ರೀ, ಗಾಡಿ ಪಂಚರ್ ಆಗೇತೇನ್ರಿ?" ಎಂದು ಕೇಳಿದರೆ ಕಾಕಾ ಏದುಸಿರು ಬಿಡುತ್ತಲೇ ಹೇಳುತ್ತಿದ್ದ: "ಗಾಡಿ ಆರಾಮ ಐತ್ರಿ. ನಂದಽ ಪಂಚರ್ ಆಗೇತಿ!"

ಆಫೀಸಿಗೆ ಮುಟ್ಟಿದ ಮೇಲೆ ಅಂಗಿ ಹಿಂಡಿ, ಕಿಟಕಿಯ ಸರಳಿಗೆ ಒಣಹಾಕಿ, ಚೀಲದಿಂದ ಇನ್ನೊಂದು ತೆಗೆದು ತೊಟ್ಟುಕೊಳ್ಳುತ್ತಿದ್ದ. ಅರ್ಜಿ ಹಿಡಿದು ಬಂದ ರೈತರು, ಇದು ಕಚೇರಿಯೋ ದೋಬಿಯ ಮನೆಯೋ ಎಂದು ಬಾಗಿಲಲ್ಲೇ ನಿಂತುಬಿಡುತ್ತಿದ್ದರಂತೆ.

ಕಬ್ಬಿನ ಹಂಗಾಮು ಶುರುವಾದಾಗ ಇನ್ನೊಂದು ಹೊಸ ಹುಚ್ಚು ಕಾಣಿಸಿತು. ಆ ದಿನಗಳಲ್ಲಿ ನಮ್ಮ ರಸ್ತೆಗಳು ನಮ್ಮವಲ್ಲ, ಟ್ರ್ಯಾಕ್ಟರುಗಳವು. ಹಿಂದೆ ಎರಡೆರಡು ಟ್ರೇಲರ್, ಆಕಾಶಕ್ಕೆ ಏರಿದ ಕಬ್ಬು, ಕಿವಿ ಒಡೆಯುವ ಹಾಡು. ಕಾಕಾ ದೂರದಿಂದಲೇ ಟ್ರ್ಯಾಕ್ಟರು ಕಂಡರೆ ಸೈಕಲ್ಲಿನಿಂದ ಇಳಿದು, ರಸ್ತೆ ಬಿಟ್ಟು, ಹೊಲದ ಬದುವಿನ ಮೇಲೆ ನಿಲ್ಲುತ್ತಿದ್ದ. ಅದು ಪೂರ್ತಿ ಮರೆಯಾದ ಮೇಲೆಯೇ ಮತ್ತೆ ಪೆಡಲಿಗೆ ಕಾಲು! ದೊಡ್ಡ ಸಾಹೇಬರು ಬಂದರೂ ಕುರ್ಚಿ ಬಿಟ್ಟು ಏಳದ ಮನುಷ್ಯ ಟ್ರ್ಯಾಕ್ಟರಿಗೆ ಇಷ್ಟು ಮರ್ಯಾದೆ ಕೊಟ್ಟರೆ ಆಫೀಸಿನ ಗತಿ? ತಡವಾದದ್ದಕ್ಕೆ ನೋಟಿಸು ಬಂತು. ಕಾಕಾ ಶುದ್ಧ ಕಚೇರಿ ಭಾಷೆಯಲ್ಲಿ ಉತ್ತರ ಬರೆದ: "ಸದರಿ ದಿನ ಮಾರ್ಗದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಇಪ್ಪತ್ತಾರು ಹಾದುಹೋಗಿದ್ದು, ಪ್ರತಿಯೊಂದಕ್ಕೂ ಇಳಿದು ನಿಂತ ಕಾರಣ ವಿಳಂಬವಾಗಿರುತ್ತದೆ."

ಸಾಹೇಬರು ಕರೆಸಿ ಕೇಳಿದರಂತೆ, "ಎಣಿಸೀರೇನ್ರಿ ಮತ್ತ?"

"ಹೌದ್ರಿ ಸಾಹೇಬ್ರ. ಖಾಲಿ ಟ್ರ್ಯಾಕ್ಟರ್ ಲೆಕ್ಕಕ್ಕ ಹಿಡದಿಲ್ರಿ."

ಇದನ್ನು ನಾನು ಊರ ತುಂಬ ಹೇಳಿಕೊಂಡು ನಕ್ಕೆ. ನಗುವಾಗ ಒಂದು ಸಂಗತಿ ಮರೆತಂತೆ ಮಾಡಿದೆ. ಹಿಂದಿನ ವರ್ಷದ ಹಂಗಾಮಿನಲ್ಲಿ, ಮುಧೋಳದ ಒಂದು ಮದುವೆ ಮುಗಿಸಿ ಕಾಕಾ ಮತ್ತು ಅವನ ಹೆಂಡತಿ, ನಮ್ಮ ಕಾಕು, ಮೋಟಾರ್‌ಸೈಕಲ್ ಮೇಲೆ ಬರುತ್ತಿದ್ದರು. ಮುಂದೆ ಕಬ್ಬಿನ ಟ್ರ್ಯಾಕ್ಟರು. ಕಾಕಾನಿಗೆ ಯಾರ ಹಿಂದೆಯೂ ಹೋಗಿ ಗೊತ್ತಿಲ್ಲ. ಬದಿಯಿಂದ ಮುನ್ನುಗ್ಗಿದ. ಹೊರಗೆ ಚಾಚಿದ್ದ ಕಬ್ಬಿಗೆ ಕಾಕುವಿನ ಸೆರಗು ಸಿಕ್ಕಿತು. ಕಾಕಾ ಗಾಡಿ ನಿಲ್ಲಿಸಿ ಹೊರಳಿ ನೋಡುವಷ್ಟರಲ್ಲಿ ಟ್ರೇಲರ್ ಆಕೆಯನ್ನು ಎಳೆದುಕೊಂಡು ಹೋಗಿತ್ತು. ಕಾಕಾನಿಗೆ ಒಂದು ಗೀರೂ ಬೀಳಲಿಲ್ಲ. ಕಾಕುವಿನ ಸೊಂಟಕ್ಕೆ ಎರಡು ಸಲ ಶಸ್ತ್ರಕ್ರಿಯೆಯಾಯಿತು. ಒಂದು ಕಾಲು ಗಿಡ್ಡಾಯಿತು. ಬಲಗೈ ಬೆರಳುಗಳು ಮಡಚುವುದನ್ನೇ ಬಿಟ್ಟವು. ಮೂವತ್ತು ವರ್ಷ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿ, ಕಣ್ಣಿಗೆ ಕಾಣದ ನೂಲಿನ ಎಳೆ ಕತ್ತಲಲ್ಲೂ ಗಂಟು ಹಾಕುತ್ತಿದ್ದ ಬೆರಳುಗಳು ಅವು.

ಕಾಕಾ ಹೆದರಿ ಗಾಡಿ ಬಿಟ್ಟ ಎಂದು ಮನೆಯವರು ನಾವೆಲ್ಲ ತಿಳಿದೆವು. ಹೆದರಿದವನನ್ನು ನೋಡಿ ನಗುವುದು ಎಷ್ಟು ಸುಲಭ!

ಹೆದರಿಕೆ ಬಿಡಿಸಿಯೇ ತೀರುತ್ತೇನೆಂದು ಒಂದು ರವಿವಾರ ನನ್ನ ಹೊಸ ಗಾಡಿ ತೆಗೆದುಕೊಂಡು ಅವರ ಮನೆಗೆ ಹೋದೆ. ಬಾಗಿಲಿಗೇ ತಂದು ನಿಲ್ಲಿಸಿ, ಜೋರಾಗಿ ರೇಸ್ ಕೊಟ್ಟು ಕೂಗಿದೆ: "ಕಾಕಾ, ಹೊರಗ ಬಾರೋ! ಒಂದು ಸುತ್ತು ಹಾಕು!"

ಒಳಗೆ ಏನೋ ಬಿದ್ದ ಸಪ್ಪಳ. ಗಾಡಿ ಬಂದ್ ಮಾಡಿ ಒಳಗೆ ಓಡಿದೆ. ನೆಲದ ಮೇಲೆ ಊಟದ ಗಂಗಾಳ, ಚೆಲ್ಲಿದ ಅನ್ನ. ಮಂಚದ ಮೇಲೆ ಕಾಕು ಕಣ್ಣು ಮುಚ್ಚಿ, ಎಡಗೈಯಿಂದ ಮಂಚದ ಕಬ್ಬಿಣ ಹಿಡಿದು ಗಡಗಡ ನಡುಗುತ್ತಿದ್ದಳು. ಕಾಕಾ ಆ ಕೈ ಮೇಲೆ ತನ್ನ ಕೈ ಇಟ್ಟು, "ನಮ್ಮ ಹುಡುಗ ಬಂದಾನ. ಗಾಡಿ ಬಂದ್ ಮಾಡ್ಯಾನ. ಆತು, ಆತು," ಎನ್ನುತ್ತಿದ್ದ.

ಆಮೇಲೆ ಹೊರಗೆ ಕಟ್ಟೆಯ ಮೇಲೆ ಕೂತೆವು. ನಾಲ್ಕೂ ಕಡೆ ಮಗ್ಗಗಳು ಖಟಖಟ ಬಡಿಯುತ್ತಿದ್ದವು.

"ಈ ಸಪ್ಪಳದಾಗ ನಿದ್ದಿ ಮಾಡ್ತಾಳೋ," ಎಂದ ಕಾಕಾ. "ಗಾಡಿ ಬಾಗಲಕ್ಕ ಬಂದು ನಿಂತ್ರ ಮಾತ್ರ ಹಿಂಗ. ಇಪ್ಪತ್ತು ವರ್ಷ ನನ್ನ ಗಾಡಿ ಸಪ್ಪಳ ಕೇಳಿ ಒಲಿ ಮ್ಯಾಲ ಚಾ ಇಡತಿದ್ಲು. ದವಾಖಾನಿಯಿಂದ ಬಂದ ಮ್ಯಾಲ ಅದಽ ಸಪ್ಪಳ ಕೇಳಿ ಗ್ವಾಡಿ ಕಡೆ ಹೊಳ್ಳಿ ಅತ್ಲು. ಮರುದಿನಽ ಮಾರಿದೆ."

"ಬಸ್ಸಿಗೆ ಹೋಗಬಹುದಿತ್ತಲ್ಲ ಕಾಕಾ?"

"ಬಚ್ಚಲಕ್ಕ ಹೋಗಾಕ ಅಕಿ ಇಷ್ಟು ತ್ರಾಸ ಪಡತಾಳ. ನಾ ಕಾಲು ಚಾಚಿ ಕುಂತು ಹೋಗ್ಲೇನು?"

ಅಂದು ಗಾಡಿಯನ್ನು ಓಣಿಯ ತಿರುವಿನವರೆಗೆ ನೂಕಿಕೊಂಡು ಹೋಗಿ ಚಾಲೂ ಮಾಡಿದೆ. ಡಂಗುರ ಸಾರುವುದನ್ನೂ ಅಂದೇ ಬಿಟ್ಟೆ.

ಹಂಗಾಮು ಮುಗಿಯುತ್ತ ಬಂದಿತ್ತು. ಒಂದು ಸಂಜೆ ನಡೆದುಕೊಂಡೇ ಹೋಗಿ ಕಾಕುವಿನ ಹತ್ತಿರ ಕೂತಿದ್ದೆ. ಕಾಕಾ ಬರುವ ಹೊತ್ತು ಮೀರಿತ್ತು. ಕಾಕು ಬಾಗಿಲು ನೋಡುತ್ತಲೇ ಹೇಳಿದಳು: "ಸಕ್ಕರಿ ಬ್ಯಾನಿಗೆ ಸೈಕಲ್ ಛಲೋ ಅಂತ ನಿಮ್ಮ ಕಾಕಾ ನನಗ ಹೇಳ್ಯಾರ. ಆ ಮನಶ್ಯಾಗ ಸಕ್ಕರೀನೂ ಇಲ್ಲ, ಉಪ್ಪೂ ಇಲ್ಲ. ನಾ ಎಲ್ಲಾ ನಂಬಿದಂಗ ಮಾಡೇನಿ. ನೀ ಅವರಿಗೆ ಹೇಳಬ್ಯಾಡ ಮತ್ತ."

ಅಷ್ಟರಲ್ಲಿ ಕಾಕಾ ಸೈಕಲ್ ನೂಕಿಕೊಂಡು ಬಂದ. ಎದುರು ಬಂದ ಟ್ರ್ಯಾಕ್ಟರಿಗೆ ಇಳಿಯುವ ಗಡಬಡಿಯಲ್ಲಿ ಕಾಲುವೆಗೆ ಉರುಳಿದ್ದನಂತೆ. ಪ್ಯಾಂಟು ಹರಿದು, ಎಡಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. "ಏನಿಲ್ಲ, ಏನಿಲ್ಲ," ಎನ್ನುತ್ತ ಒಳಗೆ ಜಾರಿಕೊಳ್ಳಲು ನೋಡಿದ.

"ನಿಂದರ್ರಿ ಅಲ್ಲೇ!"

ಕಾಕುವಿನ ದನಿ ಅಷ್ಟು ದೊಡ್ಡದಾದದ್ದನ್ನು ವರ್ಷದಿಂದ ಕೇಳಿರಲಿಲ್ಲ. ಅಪಘಾತವಾದ ದಿನದಿಂದ ಆಕೆ ಗಂಡನಿಗೆ ಒಂದು ಬೈಗುಳವನ್ನೂ ಬೈದಿರಲಿಲ್ಲ. ಒಂದು ಸಲವಾದರೂ ಬೈಯಲಿ ಎಂದು ಆ ಮನುಷ್ಯ ಎಷ್ಟು ಕಾದಿದ್ದನೋ!

"ಕಣ್ಣು ಎಲ್ಲಿಟ್ಟಿದ್ರಿ? ಇಳಿಯಾಕೂ ಬರಂಗಿಲ್ಲಂದ್ರ ಹತ್ತಾಕ ಯಾಕ ಹೋಗ್ತೀರಿ? ನಿಮಗೇನರ ಆದ್ರ ನನ್ನ ಯಾರು ನೋಡಬೇಕು, ಓಣಿ ಮಂದಿ ನೋಡತಾರೇನು? ಬುದ್ಧಿ ಐತೇನು ನಿಮಗ? ಬರ್ರಿ ಇಲ್ಲೆ, ಕುಂದರ್ರಿ!"

ಕಾಕಾ ಮಂಚದ ಅಂಚಿಗೆ ಕೂತ. ಕಾಕು ನನ್ನಿಂದ ನೀರು, ಅರಿವೆ ತರಿಸಿ, ಎಡಗೈಯಿಂದಲೇ ಗಾಯ ಒರೆಸುತ್ತ ಬೈಯುತ್ತಲೇ ಹೋದಳು. ಕಾಕಾನ ಕಣ್ಣಿಂದ ನೀರು ಸುರಿಯುತ್ತಿತ್ತು, ಮುಖ ಮಾತ್ರ ನಗುತ್ತಿತ್ತು.

ಒರೆಸಿ ಮುಗಿಯಿತು. ಬೈಗುಳವೂ ನಿಲ್ಲುವ ಹಾಗೆ ಕಂಡಿತು. ಕಾಕಾ ಮೆಲ್ಲಗೆ ಇನ್ನೊಂದು ಕಾಲು ಮುಂದೆ ಚಾಚಿದ.

"ಇಲ್ಲೂ ತರಚೇತಿ ನೋಡು," ಎಂದ.

ಅಲ್ಲಿ ಏನೂ ಆಗಿರಲಿಲ್ಲ. ಕಾಕು ಒಂದು ಗಳಿಗೆ ಆ ಮೊಣಕಾಲು ನೋಡಿದಳು. ಆಮೇಲೆ ಅರಿವೆಯನ್ನು ನೀರಲ್ಲಿ ಅದ್ದಿ, ಮತ್ತೆ ಮೊದಲಿನಿಂದ ಬೈಯತೊಡಗಿದಳು.