ಆಟದ ಪೆಟ್ಟಿಗೆಯ ಹೊಟ್ಟೆಯಲ್ಲಿ ಡಿಸ್ಕ್ ಬಿಡಬಹುದೇ?

ಮೇ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಶಿರಸಿಯ ನಮ್ಮ ಮನೆಯಲ್ಲಿ ಟಿ.ವಿ. ಇರುವ ಕೋಣೆ. ಹಾಜರಿದ್ದವರು ನಾನು ಮತ್ತು ನಮ್ಮ ಯಜಮಾನರು. ಸೊಸೆ ರೇಣುಕಾ ಅಡುಗೆಮನೆಯಲ್ಲಿ ದೋಸೆ ಎರೆಯುತ್ತಿದ್ದಳು. ಮಗನೂ ಮನೆಯಲ್ಲೇ ಇದ್ದ, ಆದರೆ ಭಾನುವಾರ ಬಿಸಿಲು ಹಾಸಿಗೆಗೆ ಬರುವವರೆಗೆ ಏಳದವನನ್ನು ಹಾಜರಿದ್ದ ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಹೀಗೆ ಶುರುಮಾಡುವುದು ನನ್ನ ಅಭ್ಯಾಸ. ನಿವೃತ್ತಿಯಾಗುವವರೆಗೂ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಹೆಡ್ ನರ್ಸ್ ಆಗಿದ್ದವಳು ನಾನು. ಯಾವಾಗ, ಎಲ್ಲಿ, ಯಾರಿದ್ದರು ಎಂಬುದನ್ನು ಮೊದಲು ಹೇಳದೆ ಒಗ್ಗರಣೆ ಸೀದುಹೋದ ಸುದ್ದಿಯನ್ನೂ ನಾನು ಹೇಳಲಾರೆ.

ಮನುಷ್ಯರಲ್ಲಿ ಎರಡೇ ಜಾತಿ ಎಂದು ನಾನು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದೇನೆ. ತೆಗೆದದ್ದನ್ನು ತೆಗೆದ ಜಾಗದಲ್ಲೇ ಇಡುವವರು ಒಂದು ಜಾತಿ. ‘ಇಲ್ಲೇ ಎಲ್ಲೋ ಇತ್ತಲ್ಲ’ ಎನ್ನುವವರು ಇನ್ನೊಂದು. ಮೊದಲನೆಯ ಜಾತಿಯವರು ಎರಡನೆಯ ಜಾತಿಯವರನ್ನೇ ಮದುವೆಯಾಗಬೇಕೆಂದು ಮೇಲಿನವನು ಯಾಕೆ ಬರೆದನೋ ಗೊತ್ತಿಲ್ಲ. ಥಿಯೇಟರಿನಲ್ಲಿ ನಮಗೆ ಒಂದು ನಿಯಮವಿತ್ತು. ಹೊಟ್ಟೆ ಹೊಲಿಯುವ ಮೊದಲು ಕತ್ತರಿ, ಚಿಮಟಿಗೆ, ಬಟ್ಟೆಯ ತುಂಡು ಎಲ್ಲವನ್ನೂ ಎಣಿಸಬೇಕು. ಒಂದು ಕಡಿಮೆ ಬಂದರೂ ಸೂಜಿ ಮುಂದೆ ಹೋಗುವಂತಿಲ್ಲ. ಒಮ್ಮೆ ಒಂದು ಚಿಮಟಿಗೆ ಕಡಿಮೆಯಾಗಿ, ದೊಡ್ಡ ಡಾಕ್ಟರು ಕೈ ಮೇಲೆತ್ತಿಕೊಂಡು ದೇವರ ಮುಂದೆ ನಿಂತ ಹಾಗೆ ನಿಂತಿದ್ದರು. ನಾವೆಲ್ಲ ನೆಲದ ಮೇಲೆ ಮಂಡಿಯೂರಿ ಹುಡುಕಿದೆವು. ಕೊನೆಗೆ ಅದು ಸಿಕ್ಕಿದ್ದು ಅವರದೇ ಚಪ್ಪಲಿಯ ಕೆಳಗೆ. ಅಂದಿನಿಂದ, ಒಳಗೆ ಹೋದದ್ದು ಹೊರಗೆ ಬರುವ ತನಕ ನನಗೆ ಸಮಾಧಾನವೆಂಬುದಿಲ್ಲ.

ಇಂಥ ನನ್ನ ಮನೆಗೆ ರೇಣುಕಾ ಮದುವೆಯಾಗಿ ಬರುವಾಗ ತನ್ನ ಸಂಬಳದಲ್ಲಿ ಕೊಂಡ ಆಟದ ಪೆಟ್ಟಿಗೆಯನ್ನು ತಂದಳು. ಅವಳು ಗುಡ್ನಾಪುರದ ಕಡೆಯವಳು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಪೆಟ್ಟಿಗೆಯನ್ನು ಟಿ.ವಿ.ಗೆ ಜೋಡಿಸಿ, ಹೊಳೆಯುವ ಒಂದು ಡಿಸ್ಕನ್ನು ಅದರ ಬಾಯಿಗೆ ಕೊಟ್ಟರೆ ಪರದೆಯ ಮೇಲೆ ಕಾರುಗಳು ಓಡುತ್ತವೆ. ಆಡಲಿ, ಬೇಡ ಎನ್ನುವ ಅತ್ತೆ ನಾನಲ್ಲ. ಆದರೆ ಆಟ ಮುಗಿದ ಮೇಲೆ ಡಿಸ್ಕು ಪೆಟ್ಟಿಗೆಯ ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಅದರ ಮನೆಯಾದ ಪ್ಲಾಸ್ಟಿಕ್ ಡಬ್ಬಿ ಖಾಲಿಯಾಗಿ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಮೊದಲ ರಾತ್ರಿ ಅದನ್ನು ನೋಡಿದಾಗ ನನಗೆ ಹೊಟ್ಟೆಯೊಳಗೆ ಕತ್ತರಿ ಬಿಟ್ಟು ಹೊಲಿದ ಹಾಗಾಯಿತು.

ಈ ವಿಷಯದಲ್ಲಿ ನಾನು ಎಲ್ಲರ ಅಭಿಪ್ರಾಯ ಕೇಳಿದೆ, ಕೇಳಿ ಯಾವುದನ್ನೂ ಒಪ್ಪಲಿಲ್ಲ. ರೇಣುಕಾ ಹೇಳಿದಳು: “ಅತ್ತೀ, ಒಳಗ ಇದ್ರ ಅದಕ್ಕೇನೂ ಆಗೂದಿಲ್ರಿ. ಕೈಯಾಗ ಹಿಡದಷ್ಟೂ ಅದಕ್ಕ ತ್ರಾಸು. ಪೆಟ್ಟಿಗಿ ಎತ್ತಿ ಬ್ಯಾರೆ ಕಡೆ ಒಯ್ಯೂ ಮುಂದ ತಗದ್ರ ಸಾಕು.” ಯಜಮಾನರು ನಿವೃತ್ತ ಬಸ್ ಡ್ರೈವರು. ಅವರ ವಾದ ಬೇರೆ. “ಬಸ್ಸು ಡಿಪೋದಲ್ಲಿ ನಿಲ್ಲಿಸಿದ್ ಮೇಲೆ ಸ್ಟೇರಿಂಗ್ ಬಿಚ್ಚಿ ಮನೆಗೆ ತರ್ತಾರೆ ಎಂತ?” ಅವರ ಗೆಳೆಯರು ವಾನಳ್ಳಿಯ ಹೆಗಡೆಯವರು, ಅಡಿಕೆ ಬೆಳೆಗಾರರು. ಅವರು ಗಂಭೀರವಾಗಿ ಯೋಚಿಸಿ, “ಒಳಗೇ ಬಿಟ್ರೆ ಬೂಷ್ಟು ಹಿಡಿತು ಸಿಸ್ಟರಕ್ಕ. ಆಗಾಗ ಬಿಸಿಲು ತೋರ್ಸವು” ಎಂದರು. ಡಿಸ್ಕನ್ನು ಚಾಪೆಯ ಮೇಲೆ ಹರಡಿ ಕಾಗೆ ಕಾಯುವ ಕೆಲಸ ನನ್ನ ಪಾಲಿಗೆ ಬರುವುದರಲ್ಲಿತ್ತು. ಮಗ ಮಾತ್ರ ಮುಸುಕಿನೊಳಗಿಂದಲೇ, “ಅಮ್ಮಾ, ಈಗ ಡಿಸ್ಕೇ ಇಲ್ದೆ ಆಟ ಬರ್ತದೆ” ಎಂದು ಸಮಸ್ಯೆಯನ್ನೇ ಇಲ್ಲವಾಗಿಸಿ ಮಗ್ಗುಲಾದ. ಒಟ್ಟಿನಲ್ಲಿ ನನಗೆ ತಿಳಿದದ್ದು ಇಷ್ಟೆ: ಡಿಸ್ಕಿನ ಬಗ್ಗೆ ಯಾರನ್ನು ಕೇಳಿದರೂ ಅವರು ತಮ್ಮ ಉದ್ಯೋಗದ ಬಗ್ಗೆ ಹೇಳುತ್ತಾರೆ. ಹಾಗಾಗಿ ನಾನೂ ನನ್ನ ಉದ್ಯೋಗದ ಪ್ರಕಾರವೇ ನಡೆದೆ. ದಿನಾ ಬೆಳಿಗ್ಗೆ ಏಳಕ್ಕೆ ಪೆಟ್ಟಿಗೆಯ ಹೊಟ್ಟೆ ತಪಾಸಣೆ. ಡಿಸ್ಕು ಒಳಗಿದ್ದರೆ ಹೊರಗೆ ತೆಗೆದು, ಮಾಸಿದ್ದರೆ ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಡಬ್ಬಿಗೆ ಸೇರಿಸುವುದು.

ಇನ್ನು ಪಂದ್ಯದ ವಿಷಯ ಹೇಳಬೇಕು. ಸಂಕ್ರಾಂತಿಯಿಂದೀಚೆಗೆ ಪ್ರತಿ ಭಾನುವಾರ ಹೆಗಡೆಯವರು ವಾನಳ್ಳಿಯಿಂದ ಬಸ್ಸು ಹತ್ತಿ ಬರುತ್ತಾರೆ. ಬಂದು ಯಜಮಾನರ ಜೊತೆ ಕಾರಿನ ರೇಸ್ ಆಡುತ್ತಾರೆ. ದೇವಿಮನೆ ಘಟ್ಟದಲ್ಲಿ ಬಸ್ಸು ಇಳಿಸಿ ಹತ್ತಿಸಿ ತಲೆ ನರೆತವರು ಒಂದು ಕಡೆ. ಸೈಕಲ್ಲನ್ನೂ ತುಳಿಯದ ಹೆಗಡೆಯವರು ಇನ್ನೊಂದು ಕಡೆ. ಯಾರು ಗೆಲ್ಲಬೇಕೆಂದು ನೀವೇ ಹೇಳಿ. ಗೆಲ್ಲುವವರು ಹೆಗಡೆಯವರು. ನಮ್ಮವರು ಪರದೆಯ ಮೇಲೂ ತಿರುವು ಬಂದ ಕೂಡಲೇ ಗೇರು ಇಳಿಸುತ್ತಾರೆ, ಹಾರ್ನ್ ಎಲ್ಲಿದೆ ಎಂದು ಕೇಳುತ್ತಾರೆ, ಹಿಂದಿನಿಂದ ಬಂದವನಿಗೆ ಸೈಡ್ ಕೊಡುತ್ತಾರೆ. ಹೆಗಡೆಯವರು ಚರಂಡಿ, ಬೇಲಿ, ಗೋಡೆ ಏನನ್ನೂ ನೋಡದೆ ನುಗ್ಗುತ್ತಾರೆ. “ಬಿದ್ರೆ ಎಂತಾಗ್ತು, ಮತ್ತೆ ಎದ್ಕಂಡು ಬತ್ತು” ಎಂಬುದು ಅವರ ಸಿದ್ಧಾಂತ. ಗೆದ್ದ ಮೇಲೆ ಚಹಾ ಹೀರುತ್ತಾ, “ಇಷ್ಟು ವರ್ಷ ನಿಮ್ ಹಿಂದಿನ ಸೀಟಲ್ಲಿ ಕೂತ್ಕಂಡು ಬಂದ್ರೂ ನಂಗೆ ಗೊತ್ತೇ ಇತ್ತಿಲ್ಲೆ ನಾಯ್ಕರೇ, ಬಸ್ಸು ಎಂತಕ್ಕೆ ತಡ ಆಗ್ತು ಹೇಳಿ” ಎನ್ನುತ್ತಾರೆ.

ಈ ಮಾತು ಯಜಮಾನರಿಗೆ ನಾಟಿತ್ತು. ಹಿಂದಿನ ಭಾನುವಾರ ಅದೇ ಬಿಸಿಯಲ್ಲಿ ಒಂದು ಪಂಥವಾಯಿತು. ಈ ಭಾನುವಾರವೂ ಸೋತರೆ, ಯಜಮಾನರು ನೌಕರಿಯಲ್ಲಿದ್ದಾಗ ಎದೆಯ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದ ಡ್ರೈವರ್ ಬಿಲ್ಲೆಯನ್ನು ಹೆಗಡೆಯವರಿಗೆ ಕೊಡಬೇಕು. ಹೆಗಡೆಯವರು ಅದನ್ನು ಅಂಗಿಗೆ ಸಿಕ್ಕಿಸಿಕೊಂಡು ಅದೇ ವಾನಳ್ಳಿ ಬಸ್ಸಿನಲ್ಲಿ ಮನೆಗೆ ಹೋಗುವರು. ಆ ಹಿತ್ತಾಳೆ ಬಿಲ್ಲೆ ಆಯುಧಪೂಜೆಗೆ ನಮ್ಮ ಮನೆಯಲ್ಲಿ ದೇವರ ಪಕ್ಕದಲ್ಲಿ ಕೂರುವ ವಸ್ತು. ಬಸ್ಸಿನಲ್ಲಿ ಈಗಿನ ಡ್ರೈವರು, ಕಂಡಕ್ಟರು ಎಲ್ಲ ಇವರ ಕೈಕೆಳಗೆ ಪಳಗಿದವರು. ಅವರೆದುರು ಆ ಬಿಲ್ಲೆ ಅಡಿಕೆ ಹೆಗಡೆಯವರ ಎದೆಯ ಮೇಲೆ ಹೊಳೆದರೆ ಇವರು ಮತ್ತೆ ಬಸ್ ಸ್ಟ್ಯಾಂಡ್ ಕಡೆ ತಲೆ ಹಾಕುವ ಹಾಗಿರಲಿಲ್ಲ. ವಾರವಿಡೀ ಅಭ್ಯಾಸ ಮಾಡಿದರು. ವಾರವಿಡೀ ತಿರುವಿನಲ್ಲಿ ಗೇರು ಇಳಿಸಿದರು.

ಹೀಗಿರುವಾಗ, ಆ ಬೆಳಿಗ್ಗೆ ಏಳಕ್ಕೆ ಪೆಟ್ಟಿಗೆಯ ಗುಂಡಿ ಒತ್ತಿದರೆ ಡಿಸ್ಕು ಒಳಗಿನಿಂದ ನಾಲಿಗೆಯ ಹಾಗೆ ಹೊರಗೆ ಬಂತು. ಅದರ ಹೊಳೆಯುವ ಬೆನ್ನಿನ ಮೇಲೆ ಒಂದು ದೊಡ್ಡ ಹೆಬ್ಬೆಟ್ಟಿನ ಗುರುತು. ಹಲಸಿನ ಚಿಪ್ಸಿನ ಎಣ್ಣೆ, ಉಪ್ಪಿನ ಹರಳು, ಖಾರದ ಪುಡಿ ಎಲ್ಲ ಅದರಲ್ಲಿ ಅಂಟಿಕೊಂಡಿದ್ದವು. “ಯಾರದ್ದು ಈ ಕೆಲಸ?” ಎಂದೆ. ಎದುರಿಗೆ ಕುಳಿತು ಚಹಾ ಕುಡಿಯುತ್ತಿದ್ದ ಯಜಮಾನರು, “ನಂದೇ ಇರ್ಬೇಕು. ಮರ್ತೋಯ್ತು” ಎಂದರು. ಪಂದ್ಯದ ದಿನ ಗಂಡನನ್ನು ಬೈಯಬಾರದೆಂದು ಸುಮ್ಮನಾಗಿ ಸ್ಪಿರಿಟ್ ಬಾಟಲಿ ತಂದೆ. ಇಂಜೆಕ್ಷನ್‌ಗೆ ಮೊದಲು ಚರ್ಮವನ್ನು ಒರೆಸುವುದು ಹೇಗೆಂದು ಎಷ್ಟೋ ಹೊಸ ಹುಡುಗಿಯರಿಗೆ ನಾನು ಕಲಿಸಿದ್ದೇನೆ. ನಡುವಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಹೊರಕ್ಕೆ ಹೋಗಬೇಕು. ಹಾಗೆಯೇ ಒರೆಸಿದೆ. ಎಣ್ಣೆ ಜಿಗುಟಾಗಿದ್ದರಿಂದ ಒತ್ತಿ ಒರೆಸಿದೆ. ಯಜಮಾನರು ನನ್ನ ಕೈಯನ್ನೇ ನೋಡುತ್ತಿದ್ದರು. ಮದುವೆಯಾದಾಗಿನಿಂದ ಕಾಣದ ಒಂದು ಮೆಚ್ಚುಗೆ ಅವರ ಮುಖದಲ್ಲಿತ್ತು. ನನಗೂ ಖುಷಿಯಾಯಿತು.

ಹತ್ತೂವರೆಯ ಹೊತ್ತಿಗೆ ಹೆಗಡೆಯವರು ಬಂದರು. ಬಿಲ್ಲೆ ಸಿಕ್ಕಿಸಲೆಂದೇ ಜೇಬಿರುವ ಇಸ್ತ್ರಿ ಅಂಗಿ ಹಾಕಿಕೊಂಡಿದ್ದರು. ನಾನು ಡಬ್ಬಿಯಿಂದ ಡಿಸ್ಕು ತೆಗೆದು, ಥಿಯೇಟರಿನಲ್ಲಿ ಡಾಕ್ಟರ ಕೈಗೆ ಕತ್ತರಿ ಕೊಟ್ಟ ಹಾಗೆ ರೇಣುಕಾಳ ಕೈಗೆ ಕೊಟ್ಟೆ. ಅವಳು ಪೆಟ್ಟಿಗೆಗೆ ಹಾಕಿದಳು. ಒಳಗೆ ಏನೋ ಗರಗರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಡಿಸ್ಕು ಓದಲಾಗುತ್ತಿಲ್ಲ ಎಂದು ಪರದೆಯ ಮೇಲೆ ಬಂತು. ಮೂರು ಸಲ ಹಾಕಿ ತೆಗೆದರೂ ಅದೇ ಮಾತು.

ನನಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. “ನೋಡಿ, ನಾ ಎಂತ ಹೇಳಿದ್ದೆ? ರಾತ್ರಿಯಿಡೀ ಒಳಗೇ ಬಿಟ್ಟಿದ್ದಾರೆ. ಆ ಬಿಸಿಗೆ, ಆ ಧೂಳಿಗೆ ಇನ್ನೇನಾಗ್ತದೆ?” ಎಂದು ಶುರುಮಾಡಿ, ಶಿಸ್ತು, ಸ್ವಚ್ಛತೆ, ತಲೆಮಾರು ಎಂದು ಬಹುದೂರ ಹೋದೆ. ಹೆಗಡೆಯವರು, “ಬೂಷ್ಟೇ ಸೈ, ಆನು ಮೊದ್ಲೇ ಹೇಳಿದ್ದೆ” ಎಂದರು. ಯಜಮಾನರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅಷ್ಟರಲ್ಲಿ ರೇಣುಕಾ ಡಿಸ್ಕನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಬಾವಿಗೆ ಕಲ್ಲು ಹಾಕಿದಾಗ ಏಳುವ ಅಲೆಗಳ ಹಾಗೆ ಸುತ್ತು ಸುತ್ತಾದ ಗೀರುಗಳು ನನಗೂ ಕಂಡವು.

“ಅತ್ತೀ, ಇದನ್ನ ಯಾರು ಒರಸಿದ್ರಿ?”

“ನಾನೇ. ಸ್ಪಿರಿಟ್ ಹಾಕಿ.”

“ಗುಂಡಗ ಒರಸಿದ್ರೇನ್ರಿ?”

“ಮತ್ತೆ ಹೇಗೆ ಒರೆಸೋದು?”

“ನಡುವಿಂದ ಅಂಚಿಗೆ ಸೀದಾ ಒರಸಬೇಕ್ರಿ. ಅಡ್ಡ ಗೀರು ಬಿದ್ರ ಅದು ಹೆಂಗೋ ದಾಟಿ ಓದ್ಕೊಂತದ. ಸುತ್ತ ಗೀರು ಬಿದ್ರ ಅದು ಓದೂ ದಾರಿನ ಅಳಿಸಿ ಹೋದಂಗ. ಅದರಾಗ ಉಪ್ಪಿನ ಹರಳು ಬ್ಯಾರೆ ಉಜ್ಜೀರಿ. ನಿನ್ನೆ ಸಂಜಿಮುಂದ ಮಾವಾರು ಲುಂಗೀಲೆ ಗುಂಡಗ ಒರಸಾಕ ಹತ್ತಿದ್ರು, ಅವರಿಗೆ ಇದನ್ನ ಹೇಳಿದ್ದೆ. ನಿಮಗೂ ಹೇಳಬೇಕಾಗಿತ್ತು.” ಆಮೇಲೆ ಮೆಲ್ಲಗೆ ಸೇರಿಸಿದಳು: “ನಾವು ಅದಕ್ಕ ಇಂಜೆಕ್ಷನ್ ಕೊಡಾವ್ರು ಇದ್ದಿಲ್ಲಲ್ರಿ ಅತ್ತೀ.”

ಯಜಮಾನರಿಗೆ ಆಗಲೇ ಕೆಮ್ಮು ಬಂತು. ಹೆಗಡೆಯವರು ಇಸ್ತ್ರಿ ಅಂಗಿಯ ಜೇಬು ಸವರಿಕೊಂಡು, “ಗದ್ದೆ ಇಲ್ಲದೆ ಕಂಬಳ ಹೇಗೆ? ಆತಿಥೇಯರದ್ದೇ ತಪ್ಪು, ಬಿಲ್ಲೆ ನಂಗೇ ಬರವು” ಎಂದರು. ಇಷ್ಟು ವರ್ಷದ ಮಾನ ನನ್ನ ಹತ್ತಿಯುಂಡೆಯಿಂದ ಹೋಗುವುದೇ? “ತಪ್ಪು ನಂದು ಹೆಗಡೇರೇ, ಅವರದ್ದಲ್ಲ. ಬಿಲ್ಲೆ ಕೇಳ್ಬೇಡಿ” ಎಂದೆ. ನಾನು ತಪ್ಪು ಎಂಬ ಶಬ್ದವನ್ನು ನನ್ನ ಬಗ್ಗೆ ಬಳಸಿದ್ದನ್ನು ಕೇಳಿ ಹೆಗಡೆಯವರು ಗಾಬರಿಯಾಗಿ ಕೂಡಲೇ ಒಪ್ಪಿಬಿಟ್ಟರು. “ಅಡ್ಡಿಲ್ಲೆ ಸಿಸ್ಟರಕ್ಕ. ಹೊಸ ಡಿಸ್ಕು ಬಂದ್ಮೇಲೆ ನೋಡನ.” ಹೊಸದನ್ನು ತಾವೇ ತರಿಸಿಕೊಡುವುದಾಗಿ ಯಜಮಾನರು ಯಾರೂ ಕೇಳುವ ಮೊದಲೇ ಘೋಷಿಸಿದರು. ಹೊಸ ಲುಂಗಿಗೂ ಮೂರು ತಿಂಗಳು ಯೋಚಿಸುವ ಮನುಷ್ಯ. ನನ್ನ ತಪ್ಪಿಗೆ ಎಷ್ಟು ದೊಡ್ಡ ಮನಸ್ಸು ಮಾಡಿದರು ಎಂದು ನನ್ನ ಕಣ್ಣು ತೇವವಾಯಿತು. ಮಧ್ಯಾಹ್ನ ಅವರಿಗೆ ಎರಡನೇ ಸಲ ಪಾಯಸ ಬಡಿಸಿದೆ. ಸಕ್ಕರೆ ಕಾಯಿಲೆಯ ಮಾತನ್ನೂ ಎತ್ತಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ, ಪಂದ್ಯಕ್ಕೆಂದು ಹೊರಗೆ ತೆಗೆದಿರಬಹುದಾದ ಬಿಲ್ಲೆಯನ್ನು ಜಾಗಕ್ಕೆ ಸೇರಿಸೋಣವೆಂದು ಹುಡುಕಿದೆ. ಮೇಜಿನ ಮೇಲಿಲ್ಲ, ಜೇಬಿನಲ್ಲಿಲ್ಲ. ಕಪಾಟು ತೆಗೆದು ನೋಡಿದರೆ ಆಯುಧಪೂಜೆಯ ಮರುದಿನ ನಾನೇ ಸುತ್ತಿಟ್ಟ ಬಟ್ಟೆಯಲ್ಲಿ, ನಾನೇ ಹಾಕಿದ ಗಂಟಿನೊಳಗೆ ಹಾಗೇ ಇತ್ತು.

“ಬಿಲ್ಲೆ ಹೊರಗೇ ತೆಗ್ದಿರ್ಲಿಲ್ವಲ್ರೀ?” ಎಂದು ಕೇಳಿದೆ.

“ಬೇಕಾಗೂದಿಲ್ಲ ಅಂತ ಗೊತ್ತಿತ್ತು” ಎಂದರು, ಟಿ.ವಿ. ವಾರ್ತೆಯಿಂದ ಕಣ್ಣು ತೆಗೆಯದೆ.

“ಅದು ಹೇಗೆ ಗೊತ್ತಿತ್ತು?”

“ಚಿಪ್ಸ್ ತಿಂದ ಕೈಲಿ ಒಂದು ಒತ್ತು ಒತ್ತಿ ಒಳಗೇ ಬಿಟ್ಟಿದ್ದೆ. ಏಳು ಗಂಟೆಗೆ ನೀ ಬಾಟ್ಲಿ ಹಿಡ್ಕೊಂಡು ಬರ್ತೀ ಅನ್ನೋದು ನಂಗೆ ಗೊತ್ತಿಲ್ವಾ? ಡಿಪೋದ ಗಡಿಯಾರ ತಪ್ಪೀತು, ನೀ ತಪ್ಪೂದಿಲ್ಲ.”

ಈ ಮನೆಯಲ್ಲಿ ನನ್ನ ಶಿಸ್ತನ್ನು ಯಾರೂ ಗೌರವಿಸುವುದಿಲ್ಲವೆಂದು ನಾನು ಎಲ್ಲರೆದುರು ದೂರುತ್ತಾ ಬಂದಿದ್ದೇನೆ. ಅದು ಸುಳ್ಳಾಯಿತು. ಒಬ್ಬ ಮನುಷ್ಯ ತನ್ನ ಎದೆಯ ಮೇಲಿನ ಬಿಲ್ಲೆಯನ್ನೇ ಅದರ ಮೇಲೆ ಪಣವಿಟ್ಟಿದ್ದ. ಹೆಗಡೆಯವರಿಗೆ ಫೋನು ಮಾಡಿ ಹೇಳಿಬಿಡೋಣವೆಂದು ಒಮ್ಮೆ ಎದ್ದೆ. ಹೇಳಿದರೆ, ಮೋಸ ಮಾಡಿದವರು ಯಾರು ಎಂಬುದಕ್ಕಿಂತ ಮೋಸಕ್ಕೆ ಬಳಕೆಯಾದ ಉಪಕರಣ ಯಾವುದು ಎಂಬುದೇ ವಾನಳ್ಳಿಯ ಬಸ್ಸಿನಲ್ಲಿ ಸುದ್ದಿಯಾಗುತ್ತದೆ. ಕುಳಿತುಕೊಂಡೆ.

ಕುಳಿತ ಮೇಲೆ ನೆನಪಾಯಿತು. ಬೆಳಗಿನ ಗದ್ದಲದಲ್ಲಿ, ಗೀರು ಕಂಡ ಮೇಲೂ ರೇಣುಕಾ ಕೊನೆಯದಾಗಿ ಇನ್ನೊಮ್ಮೆ ಹಾಕಿ ನೋಡಿದ ಡಿಸ್ಕು ಇನ್ನೂ ಪೆಟ್ಟಿಗೆಯ ಹೊಟ್ಟೆಯಲ್ಲೇ ಇತ್ತು. “ಇನ್ನು ಅದು ಓಡೂದಿಲ್ವಲ್ಲ, ಒಳಗಿದ್ರೆ ಎಂತಾಯ್ತು?” ಎಂದರು ಯಜಮಾನರು. ಗುಂಡಿ ಒತ್ತಿ ಹೊರಗೆ ತೆಗೆದೆ. ಮೆತ್ತನೆಯ ಬಟ್ಟೆ ತೆಗೆದುಕೊಂಡು ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ, ಸೀದಾ ಒರೆಸಿದೆ. ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ, ಕಪಾಟಿನಲ್ಲಿ ಅದರ ಜಾಗದಲ್ಲಿ ನಿಲ್ಲಿಸಿದೆ. ದಿನದ ಕೊನೆಯ ಕೆಲಸ ಮುಗಿಯಿತು. ಎಣಿಕೆ ಸರಿಯಾಗಿದೆ.