ಕರುಳಿನ ಬ್ಯಾಕ್ಟೀರಿಯಾ ನಿಯೋಜನೆಯ ಕಡತ

ನಮ್ಮ ತೂಕ ಮತ್ತು ಅಳತೆ ಕಚೇರಿಯಲ್ಲಿ ಎಂಬತ್ತು ಕಿಲೋಗಿಂತ ಹೆಚ್ಚು ತೂಗುವವರು ಮುಖ್ಯ ಗುಮಾಸ್ತರಾಗುವಂತಿಲ್ಲ. ಹಿಂದಿನ ಮುಖ್ಯ ಗುಮಾಸ್ತರು ಕುರ್ಚಿ ಸಮೇತ ನೆಲಕ್ಕೆ ಬಿದ್ದ ಮೇಲೆ ಈ ನಿಯಮ ಬಂತು. ಹೊಸ ಕುರ್ಚಿ ತರಿಸಲು ಹದಿನಾಲ್ಕು ಸಹಿ ಬೇಕು, ಹೊಸ ನಿಯಮಕ್ಕೆ ಒಂದೇ ಸಾಕು. ನಿರ್ದೇಶಕರು ನೂರ ಹನ್ನೆರಡು ಕಿಲೋ ಇದ್ದಾರೆ. ಅವರ ಕುರ್ಚಿ ಕಬ್ಬಿಣದ್ದಾದ್ದರಿಂದ ಅವರಿಗೆ ನಿಯಮ ಅನ್ವಯಿಸುವುದಿಲ್ಲ.

ಕಡತಕೋಣೆಯ ಗುಮಾಸ್ತರು ಇಪ್ಪತ್ತಾರು ವರ್ಷದಿಂದ ಆ ಬಡ್ತಿಗೆ ಬಾಯಿಬಿಟ್ಟುಕೊಂಡು ಕೂತಿದ್ದರು. ನಿವೃತ್ತಿಗೆ ಎಂಟು ತಿಂಗಳಿತ್ತು. ಟಪಾಲು ವಿಭಾಗದ ಪಾರ್ಸೆಲ್ ತಕ್ಕಡಿ ನನ್ನ ವಶದಲ್ಲಿರುವುದರಿಂದ ಬಡ್ತಿಗೆ ಬಂದವರನ್ನೂ ನಾನೇ ತೂಗುತ್ತೇನೆ. ಅವರು ಚಪ್ಪಲಿ, ಬೆಲ್ಟು, ಕನ್ನಡಕ, ಕೊನೆಗೆ ಜೇಬಿನ ಪೆನ್ನನ್ನೂ ತೆಗೆದಿಟ್ಟು ಹತ್ತಿದರು. ತೊಂಬತ್ತೊಂದು.

"ಇನ್ನೊಂದ್ಸಲ ನೋಡಪ್ಪಾ. ಉಸಿರು ಬಿಟ್ಟು ನಿಂತ್ಕೋತೀನಿ."

"ಬಿಟ್ರೂ ಅಷ್ಟೇ ಸಾರ್."

"ಆರು ತಿಂಗಳಾಯ್ತು ರಾತ್ರಿ ಊಟ ಬಿಟ್ಟು. ಹಸಿವಿಗೆ ಹೆಂಡ್ತಿ ಮೇಲೆ ಸುಮ್‌ಸುಮ್ನೆ ರೇಗ್ತೀನಿ. ಒಂದು ಕಿಲೋನೂ ಇಳೀಲಿಲ್ಲವಲ್ಲಯ್ಯಾ."

ನನಗೆ ಪಾಪ ಎನಿಸಿತು. ಅದನ್ನು ದಾಖಲಿಸಲು ಅಂಕಣವಿರಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿಯಿದೆ. ನಿಗದಿಗಿಂತ ಹೆಚ್ಚು ತೂಗಿದ ಪಾರ್ಸೆಲ್ಲಿಗೆ ಒಂಬತ್ತನೇ ನಮೂನೆ ತುಂಬಬೇಕು. ಮನುಷ್ಯರಿಗೆಂದು ಬೇರೆ ನಮೂನೆ ಅಚ್ಚಾಗದೆ ಇರುವುದರಿಂದ ಅವರೂ ಅದನ್ನೇ ತುಂಬುತ್ತಾರೆ. 'ಹೆಚ್ಚುವರಿ ತೂಕಕ್ಕೆ ಹೊಣೆಗಾರರು ಯಾರು?' ಎಂಬಲ್ಲಿ ಎಲ್ಲರೂ 'ನಾನೇ' ಎಂದು ಬರೆದು ತೆಪ್ಪಗೆ ಹೋಗುವುದು ರೂಢಿ. ಇವರು ಎರಡು ದಿನ ಯೋಚಿಸಿ, ಯಾವುದೋ ಪತ್ರಿಕೆಯ ತುಣುಕೊಂದನ್ನು ಲಗತ್ತಿಸಿ, 'ಕರುಳಿನ ಬ್ಯಾಕ್ಟೀರಿಯಾ' ಎಂದು ಬರೆದರು.

ನಿರ್ದೇಶಕರು ಕಚೇರಿಯ ವೈದ್ಯೆಯನ್ನು ಕರೆಸಿದರು. ಟಿಪ್ಪಣಿ ಬರೆದುಕೊಳ್ಳಲು ನನ್ನನ್ನೂ ಕೂರಿಸಿದರು.

"ಏನಮ್ಮ ಇದು? ಹೊಟ್ಟೇಲಿ ಹುಳ ಇದ್ರೆ ಮನುಷ್ಯ ಸಣ್ಣ ಆಗ್ಬೇಕಲ್ವಾ?"

"ಹುಳ ಅಲ್ಲ ಸಾರ್, ಬ್ಯಾಕ್ಟೀರಿಯಾ. ಎಲ್ಲರ ಕರುಳಲ್ಲೂ ಇರ್ತವೆ, ಕೋಟಿಗಟ್ಲೆ. ಕೆಲವು ಅದೇ ಊಟದಿಂದ ಜಾಸ್ತಿ ಶಕ್ತಿ ಎಳೆದು ಮೈಗೆ ಸೇರಿಸ್ತವೆ. ದಪ್ಪ ಇಲಿಯ ಬ್ಯಾಕ್ಟೀರಿಯಾನ ಸಣ್ಣ ಇಲಿಗೆ ಹಾಕಿ ನೋಡಿದಾರೆ, ಅದೂ ದಪ್ಪ ಆಗಿದೆ. ಆದ್ರೆ ಮನುಷ್ಯರಲ್ಲಿ ಇದೊಂದೇ ಕಾರಣ ಅಂತ..."

"'ಆದ್ರೆ'ಯಿಂದ ಮುಂದಿನದು ಟಿಪ್ಪಣಿಗೆ ಬೇಡ," ಎಂದು ನಿರ್ದೇಶಕರು ನನ್ನ ಕಡೆ ತಿರುಗಿದರು. "ಕಾಗದದಲ್ಲಿ ಜಾಗ ಇಲ್ಲ."

ಹೊಣೆಗಾರರು ಪತ್ತೆಯಾದ ಮೇಲೆ ಅವರ ಅಹವಾಲು ಕೇಳದೆ ಶಿಕ್ಷಿಸುವುದು ನ್ಯಾಯವಲ್ಲ. ಬ್ಯಾಕ್ಟೀರಿಯಾಗಳಿಗೆ ಕಾರಣ ಕೇಳಿ ನೋಟಿಸು ಹೊರಟಿತು. ನೋಟಿಸನ್ನು ವಾಸಸ್ಥಳದ ಎದ್ದುಕಾಣುವ ಭಾಗಕ್ಕೆ ಅಂಟಿಸತಕ್ಕದ್ದೆಂಬ ನಿಯಮದಂತೆ ಅದನ್ನು ಗುಮಾಸ್ತರ ಅಂಗಿಯ ಮೇಲೆ, ಹೊಕ್ಕುಳಿಗೆ ಸರಿಯಾಗಿ ಅಂಟಿಸಲಾಯಿತು. ಅವರು ಏಳು ದಿನ ಅದೇ ಅಂಗಿಯಲ್ಲಿ ಓಡಾಡಿದರು. ಐದನೆಯ ದಿನ ಮಧ್ಯಾಹ್ನ ಗುಳುಗುಳು ಸದ್ದು ಕೇಳಿಸಿತು. 'ಉತ್ತರ ಬಂದಿದೆ, ಸ್ಪಷ್ಟವಿಲ್ಲ' ಎಂದು ದಾಖಲಿಸಿದೆ.

ಎಂಟನೆಯ ದಿನ ಸುತ್ತೋಲೆ ಬಂತು:

"ತಪ್ಪಿತಸ್ಥ ಬ್ಯಾಕ್ಟೀರಿಯಾಗಳ ಜಾಗಕ್ಕೆ ಕಚೇರಿಯೊಳಗಿನಿಂದಲೇ ಸಮರ್ಥ ಬ್ಯಾಕ್ಟೀರಿಯಾಗಳನ್ನು ನಿಯೋಜಿಸತಕ್ಕದ್ದು. ಕೆಳದರ್ಜೆ ನೌಕರರ ಬ್ಯಾಕ್ಟೀರಿಯಾಗಳು ಮೇಲ್ದರ್ಜೆ ನೌಕರರ ಹೊಟ್ಟೆಯಲ್ಲಿ ಅಧಿಕಾರ ಚಲಾಯಿಸತಕ್ಕದ್ದಲ್ಲ. ಆಯ್ಕೆಗೆ ಸೇವಾ ಹಿರಿತನವೇ ಮಾನದಂಡ."

ವೈದ್ಯೆ ಆ ಹೊತ್ತಿಗಾಗಲೇ ಲಿಫ್ಟಿನವನನ್ನು ಆರಿಸಿಟ್ಟಿದ್ದರು. ಎಲ್ಲರೂ ಅವನನ್ನು ಕಡ್ಡಿ ಎನ್ನುತ್ತಾರೆ. ಎಷ್ಟು ತಿಂದರೂ ಐವತ್ತೆರಡು ಕಿಲೋ ದಾಟದವನು. ಅವನು ಕೆಳದರ್ಜೆಯವನೆಂದು ತಿರಸ್ಕರಿಸಲಾಯಿತು. ಹಿರಿತನದ ಪಟ್ಟಿ ತೆಗೆದು ನೋಡಿದರೆ ಮೊದಲ ಹೆಸರು ನಿರ್ದೇಶಕರದ್ದು.

"ಸಾರ್, ಇವರಿಗೆ ಬೇಕಾಗಿರೋದು ಸಣ್ಣಗಿರೋರ ಬ್ಯಾಕ್ಟೀರಿಯಾ," ಎಂದರು ವೈದ್ಯೆ.

"ನನ್ನದು ಮೂವತ್ತೊಂದು ವರ್ಷ ಸರ್ವಿಸ್ ಆದ ಬ್ಯಾಕ್ಟೀರಿಯಾ ಕಣಮ್ಮಾ."

ಗುಮಾಸ್ತರು ಎರಡು ಕೈ ಮುಗಿದು, "ನನಗೆ ಕಡ್ಡಿಯದೇ ಕೊಡಿಸಿ ಸಾರ್, ಅವನ ಕೈಕೆಳಗೆ ಬೇಕಾದ್ರೂ ಇರ್ತೀನಿ," ಎಂದರು. ಶಿಸ್ತಿನ ಉಲ್ಲಂಘನೆಯೆಂದು ಅವರಿಗೆ ಎಚ್ಚರಿಕೆ ನೀಡಲಾಯಿತು.

ಬ್ಯಾಕ್ಟೀರಿಯಾಗಳನ್ನು ಎಲ್ಲಿಂದ ತೆಗೆದು ಎಲ್ಲಿಗೆ ಸೇರಿಸುತ್ತಾರೆಂಬುದನ್ನು, ಊಟದ ಹೊತ್ತಿನಲ್ಲಿ ಓದುವವರೂ ಇರುವುದರಿಂದ, ವಿವರಿಸುವುದಿಲ್ಲ. ಮುಚ್ಚಿದ ಡಬ್ಬಿಯೊಂದು ನನ್ನ ತಕ್ಕಡಿಗೆ ಬಂತು. ಮೂಗು ಹಿಡಿದುಕೊಂಡು 'ನಿರ್ದೇಶಕರಿಂದ' ಎಂದು ನಮೂದಿಸಿ ಮುದ್ರೆ ಒತ್ತಿದೆ. ಅವರಿಂದ ಬರುವ ಕಾಗದಗಳಿಗೂ ಹಾಗೆಯೇ ಒತ್ತುತ್ತೇನೆ.

ಎರಡು ತಿಂಗಳಲ್ಲಿ ಗುಮಾಸ್ತರು ತೊಂಬತ್ತೆಂಟು ಕಿಲೋ ಆದರು. ನಿಯೋಜನೆ ಯಶಸ್ವಿಯೆಂದು ವರದಿ ಹೋಯಿತು. ನಿಯೋಜಿತರು ಚುರುಕಾಗಿ ಕೆಲಸ ಮಾಡುತ್ತಿರುವುದು ಕಣ್ಣಿಗೆ ಕಾಣುತ್ತಿತ್ತಲ್ಲ! ಬಡ್ತಿಯ ವಿಷಯ ಕೇಳಿದಾಗ, ನಿರ್ದೇಶಕರ ಅಂಶವಿರುವ ಹೊಟ್ಟೆಯನ್ನು ಮುಖ್ಯ ಗುಮಾಸ್ತರ ಕುರ್ಚಿಯಲ್ಲಿ ಕೂರಿಸಿದರೆ ಅದು ಹಿಂಬಡ್ತಿಯಾಗುತ್ತದೆಂದು ತಿಳಿಸಲಾಯಿತು. ಆ ಕುರ್ಚಿ ನಿರ್ದೇಶಕರ ಭಾವಮೈದುನನಿಗೆ ಹೋಯಿತು. ಅರವತ್ತನಾಲ್ಕು ಕಿಲೋ, ನಿಯಮಬದ್ಧ.

ಆಮೇಲೆ ಇನ್ನೊಂದು ಸುತ್ತೋಲೆ: "ನಿರ್ದೇಶಕರ ಯಾವುದೇ ಭಾಗ ಕಚೇರಿಯಲ್ಲಿದ್ದರೆ ನಿರ್ದೇಶಕರೇ ಹಾಜರಿದ್ದಂತೆ." ಮಾರನೆಯ ದಿನದಿಂದ ನಿರ್ದೇಶಕರು ಕೆರೆದಂಡೆಯ ತಮ್ಮ ಮನೆಯಲ್ಲಿ ಉಳಿದರು. ಗುಮಾಸ್ತರು ಒಳಗೆ ಬಂದ ಕೂಡಲೇ ಎಲ್ಲರೂ ಎದ್ದು ನಿಲ್ಲತೊಡಗಿದರು. ಮೊದಮೊದಲು ಅವರು ನಾಚಿಕೊಂಡು, "ಕೂತ್ಕೊಳ್ರೋ," ಎನ್ನುತ್ತಿದ್ದರು. ನಮಸ್ಕಾರ ತಮಗಲ್ಲವೆಂದು ತಿಳಿದ ಮೇಲೆ ಆ ಮಾತನ್ನೂ ಬಿಟ್ಟರು.

ನಿವೃತ್ತಿಯ ದಿನ ಅವರು ಖುಷಿಯಾಗಿಯೇ ಇದ್ದರು. "ಬಡ್ತಿ ಹೋದ್ರೆ ಹೋಗ್ಲಿ ಬಿಡಯ್ಯಾ. ನಾಳೆಯಿಂದ ಹೆಂಡ್ತಿ ಜೊತೆ ಬೆಳಿಗ್ಗೆ ವಾಕಿಂಗ್ ಹೋಗ್ತೀನಿ," ಎಂದು ನನ್ನ ಕೈ ಕುಲುಕಿದರು. ಸಂಜೆಯೇ ಅವರ ಮನೆಗೆ ಪತ್ರ ತಲುಪಿಸುವ ಕೆಲಸ ನನ್ನ ಪಾಲಿಗೆ ಬಂತು. ಗುಮಾಸ್ತರು ನಿವೃತ್ತರಾಗಿದ್ದಾರೆ, ನಿರ್ದೇಶಕರ ಬ್ಯಾಕ್ಟೀರಿಯಾಗಳಿಗೆ ನಿರ್ದೇಶಕರಂತೆಯೇ ಇನ್ನೂ ನಾಲ್ಕು ವರ್ಷ ಸೇವೆಯಿದೆ, ಅವುಗಳನ್ನು ದಿನವೂ ಹತ್ತು ಗಂಟೆಗೆ ಕಚೇರಿಗೆ ತಂದು ಐದಕ್ಕೆ ಒಯ್ಯತಕ್ಕದ್ದು, ತಂದವರಿಗೆ ಸಂಬಳವಿಲ್ಲ.

ಅವರ ಹೆಂಡತಿ ಪತ್ರವನ್ನು ಎರಡು ಸಲ ಓದಿದರು. "ರೀ, ಅವನ್ನ ವಾಪಸ್ ಕೊಟ್ಟುಬಿಡಿ ಅತ್ಲಾಗೆ."

"ವಾಪಸ್ ಕೊಡೋಕೆ ನಮೂನೆ ಇಲ್ಲ ಕಣೇ."

ಆಕೆ ವಾಕಿಂಗಿಗೆಂದು ಬಾಗಿಲಲ್ಲಿ ಇಟ್ಟಿದ್ದ ಎರಡು ಜೊತೆ ಹೊಸ ಬೂಟುಗಳಲ್ಲಿ ಗಂಡನವನ್ನು ಎತ್ತಿ ಒಳಗಿಟ್ಟರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಸ್ವೀಕೃತಿಗೆ ಸಹಿ ತೆಗೆದುಕೊಂಡು ಹೊರಟೆ.

ಅದಾಗಿ ಒಂದು ವರ್ಷವಾಯಿತು. ಅವರು ಒಂದು ದಿನವೂ ತಪ್ಪಿಸಿಲ್ಲ. ಬೆಳಿಗ್ಗೆ ಹೊರಡುವುದು ತಡವಾದರೆ ಈಗ ಹೆಂಡತಿ ಗಂಡನ ಮುಖ ನೋಡುವುದಿಲ್ಲವಂತೆ. ಅಂಗಿಯ ಗುಂಡಿ ಹಾಕುತ್ತಾ, ಹೊಟ್ಟೆಯ ಕಡೆಗೆ ಸ್ವಲ್ಪ ಬಗ್ಗಿ, "ಸಾರ್, ಹೊತ್ತಾಯ್ತು," ಎನ್ನುತ್ತಾರೆ.